ಸಿನಿಮಾ ನೋಡಿ ಬಂದು ಸುರಂಗದಲ್ಲಿ ಮೊಬೈಲ್ ಇಟ್ಟಿದ್ದು

ನಾನು ಸಿನಿಮಾ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಕಥೆ ಹೇಗಿದೆ, ನಟನೆ ಹೇಗಿದೆ ಅಂತ ಎಲ್ಲರೂ ಹೇಳುತ್ತಾರೆ, ಅದೂ ಬೇಕು. ಆದರೆ ನನ್ನ ಗಮನ ಮೊದಲು ಹೋಗುವುದು ಪಾತ್ರಗಳ ಬೆನ್ನ ಹಿಂದೆ ಕೇಳುವ ಶಬ್ದಗಳ ಕಡೆಗೆ. ಪಕ್ಕದ ಮನೆಯ ಮಿಕ್ಸಿ, ದೂರದ ಬಸ್ಸಿನ ಹಾರ್ನ್, ಒಬ್ಬನ ಮಾತು ಮುಗಿಯುವ ಮೊದಲೇ ಇನ್ನೊಬ್ಬ ಬಾಯಿ ಹಾಕುವುದು. ಇಷ್ಟು ಸರಿ ಇದ್ದರೆ ಆ ಊರನ್ನು ನಂಬುತ್ತೇನೆ. ಇಲ್ಲದಿದ್ದರೆ ಕ್ಯಾಮೆರಾ ಎಷ್ಟು ಚಂದ ಇದ್ದರೂ ಮನಸ್ಸಿಗೆ ಹಿಡಿಸುವುದಿಲ್ಲ.

ಇದಕ್ಕೆ ಕಾರಣ ನನ್ನ ಇನ್ನೊಂದು ಹುಚ್ಚು. ಮನೆಯವರು, ನೆರೆಕರೆಯವರು, ಒಂದಿಬ್ಬರು ಸ್ನೇಹಿತರು ಸೇರಿ ಹತ್ತು ಹನ್ನೆರಡು ನಿಮಿಷದ ಶಬ್ದನಾಟಕ ಮಾಡುತ್ತೇವೆ. ಚಿತ್ರ ಇಲ್ಲ, ಬರೀ ಧ್ವನಿ. ಮಂಗಳೂರು ಆಕಾಶವಾಣಿಯ ನಾಟಕ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಸಾಮಾನು ಅಂತ ಹೆಚ್ಚೇನೂ ಇಲ್ಲ. ಒಂದು ಮೊಬೈಲ್, ಅಂಗಿಗೆ ಸಿಕ್ಕಿಸುವ ಕಡಿಮೆ ಬೆಲೆಯ ಮೈಕು, ಹಳೆಯ ಲ್ಯಾಪ್‌ಟಾಪಿನಲ್ಲಿ ಶಬ್ದ ಕತ್ತರಿಸಿ ಜೋಡಿಸಲು ಪುಕ್ಕಟೆ ಸಿಗುವ ಆಡಾಸಿಟಿ ಎಂಬ ಸಾಫ್ಟ್‌ವೇರ್. ಕಾಸರಗೋಡಿನಲ್ಲಿ ಇದ್ದುಕೊಂಡು ಈ ಕೆಲಸ ಮಾಡುವುದು ಒಂದು ಭಾಗ್ಯ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲ ಒಂದೇ ಬಸ್ ಸ್ಟ್ಯಾಂಡಿನಲ್ಲಿ ಕೇಳಲಿಕ್ಕೆ ಸಿಗುತ್ತದೆ.

ಈಚೆಗೆ ಮತ್ತೊಮ್ಮೆ ನೋಡಿದ ಸಿನಿಮಾ 2025ರ 'ಸು ಫ್ರಮ್ ಸೋ'. ನಿರ್ದೇಶಕ ಜೆ.ಪಿ. ತುಮಿನಾಡು. ಹೆಸರಿನಲ್ಲಿರುವ ತುಮಿನಾಡು ನಮ್ಮ ಮಂಜೇಶ್ವರದ ಬದಿಯಲ್ಲೇ ಉಂಟು. ನನಗೆ ಅದರ ಮೊದಲ ಅರ್ಧ ತುಂಬಾ ಇಷ್ಟ. ಊರಿನ ಗಂಡಸರು ಗುಂಪು ಕೂಡಿದಾಗ ಯಾರೂ ಇನ್ನೊಬ್ಬನ ಮಾತು ಮುಗಿಯಲಿ ಅಂತ ಕಾಯುವುದಿಲ್ಲ, ಆದರೂ ಯಾರು ಏನು ಹೇಳಿದರು ಅಂತ ನಮಗೆ ಗೊತ್ತಾಗುತ್ತದೆ. ರವಿಯಣ್ಣನ ಪಾತ್ರ ಮಾಡಿದ ಶನೀಲ್ ಗೌತಮ್ ಅವರ ಧ್ವನಿ ಬಂದರೆ ಸಾಕು, ಮುಖ ನೋಡಬೇಕು ಅಂತಲೇ ಇಲ್ಲ. ಸುಲೋಚನಳ ಮಗಳ ಕಥೆ ಬರುವ ಕಡೆ ಸಿನಿಮಾ ಸ್ವಲ್ಪ ನಿಧಾನ ಆಗುತ್ತದೆ, ಮಾತುಗಳು ಬಿಡಿಬಿಡಿಯಾಗುತ್ತವೆ. ಅಲ್ಲಿಯೂ ಆ ಗದ್ದಲ ಹಿನ್ನೆಲೆಯಲ್ಲಿ ಇನ್ನಷ್ಟು ಇದ್ದಿದ್ದರೆ ಅವಳ ಮೌನ ಇನ್ನೂ ಗಟ್ಟಿಯಾಗಿ ತಾಗುತ್ತಿತ್ತು ಅನ್ನುವುದು ನನ್ನ ಅನಿಸಿಕೆ.

2018ರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಬಗ್ಗೆ ನಮ್ಮೂರಿನವರಿಗೆ ಮಾತಾಡಿದಷ್ಟೂ ಮುಗಿಯುವುದಿಲ್ಲ. ಕನ್ನಡ ಬಾರದ ಮಲಯಾಳಿ ಮೇಷ್ಟ್ರು ಕನ್ನಡ ಶಾಲೆಗೆ ಬರುವುದು ನಮಗೆ ಬರೀ ಸಿನಿಮಾ ಕಥೆ ಅಲ್ಲವಲ್ಲ. ಮಕ್ಕಳ ಮಾತು ಬಹಳ ಸಹಜವಾಗಿ ಬಂದಿದೆ. ಕೋರ್ಟಿನ ಭಾಗದಲ್ಲಿ ಕನ್ನಡ ಶಾಲೆಯ ಪರವಾಗಿ ಅನಂತನಾಗ್ ಆಡುವ ಮಾತು ಉದ್ದ ಆಯಿತು ಅಂತ ಕೆಲವರು ಹೇಳಿದ್ದು ಕೇಳಿದ್ದೇನೆ. ನನಗೆ ಉದ್ದ ಅನಿಸಲಿಲ್ಲ. ಆ ಮಾತು ಅಷ್ಟು ಸಾರಿ ಹೇಳಬೇಕಾದ ಊರಿನಲ್ಲಿ ನಾವಿದ್ದೇವೆ.

ಈ ಸಿನಿಮಾಗಳಿಂದ ನಾನು ತೆಗೆದುಕೊಂಡ ಒಂದು ಕೆಲಸದ ವಿಷಯ ಹೇಳುತ್ತೇನೆ. ನಟರಲ್ಲದವರಿಂದ ಮಾತಾಡಿಸುವಾಗ ಕಾಗದ ಕೊಡಬಾರದು. 2017ರಲ್ಲಿ ದಿಲೀಶ್ ಪೋತನ್ ಮಾಡಿದ ಮಲಯಾಳ ಸಿನಿಮಾ 'ತೊಂಡಿಮುದಲುಂ ದೃಕ್ಸಾಕ್ಷಿಯುಂ' ನಡೆಯುವುದು ನಮ್ಮ ಜಿಲ್ಲೆಯಲ್ಲೇ. ಅದರ ಪೊಲೀಸರಲ್ಲಿ ಸುಮಾರು ಜನ ನಿಜವಾದ ಪೊಲೀಸರು. 2022ರ 'ನ್ನಾ ತಾನ್ ಕೇಸ್ ಕೊಡ್'ನಲ್ಲಿ ಮ್ಯಾಜಿಸ್ಟ್ರೇಟ್ ಆದ ಪಿ.ಪಿ. ಕುಞಿಕೃಷ್ಣನ್ ನಿವೃತ್ತ ಮೇಷ್ಟ್ರು, ಪಡನ್ನದ ಪಂಚಾಯತ್ ಸದಸ್ಯರಾಗಿದ್ದವರು. ಆ ಪಾತ್ರಕ್ಕೆ ಕೇರಳ ರಾಜ್ಯ ಪ್ರಶಸ್ತಿ ಬಂತು. ರಸ್ತೆಯ ಹೊಂಡದ ದೆಸೆಯಿಂದ ನಾಯಿ ಕಚ್ಚಿಸಿಕೊಂಡವನು ಮಂತ್ರಿಯ ಮೇಲೆ ಕೇಸು ಹಾಕುವ ಕಥೆ ಅದು. ಅದರಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಈ ಮ್ಯಾಜಿಸ್ಟ್ರೇಟ್ ಬೇಸರದಿಂದ, ಒಮ್ಮೊಮ್ಮೆ ಪ್ರೀತಿಯಿಂದ, "ಹೂಂ, ಹೇಳಿ" ಅನ್ನುವ ಹಾಗೆ ಕೂತು ಕೇಳುವ ರೀತಿ. ಎದುರಿನವನ ಮಾತು ನಿಜವಾಗಿ ಕಿವಿಗೆ ಬಿದ್ದವನು ಮಾತ್ರ ಹಾಗೆ ಕೂರಬಲ್ಲ.

ನಮ್ಮ ಒಂದು ನಾಟಕದಲ್ಲಿ ಬಸ್ಸಿನ ಹಿಂದೆ ಓಡುವ ಅಜ್ಜಿಯ ಪಾತ್ರ ನಮ್ಮ ಚಿಕ್ಕಮ್ಮನದ್ದು. ಕಾಗದ ಕೊಟ್ಟರೆ ಶಾಲೆಯ ಪಾಠ ಓದುವ ದನಿ ಬರುತ್ತದೆ, ಅದು ಯಾರಿಗಾದರೂ ಹಾಗೇ. ಹಾಗಾಗಿ ಕಾಗದ ಬದಿಗಿಟ್ಟು, ಮೈಕು ಸೆರಗಿಗೆ ಸಿಕ್ಕಿಸಿ, "ಚಿಕ್ಕಮ್ಮ, ನೀವು ಕೈ ತೋರಿಸಿದ್ರೂ ಬಸ್ಸು ಮುಂದೆ ಹೋಗಿ ನಿಂತಿದೆ. ಓಡಿ ಹೋಗಿ ಹತ್ತಿದ್ರಿ. ಕಂಡಕ್ಟರನಿಗೆ ಎಂತ ಹೇಳ್ತೀರಿ?" ಅಂತ ಕೇಳಿದೆ. "ಎಂತ ಮಾರಾಯಾ, ಇಷ್ಟುದ್ದ ಕೈ ತೋರಿಸಿದ್ದು ಕಾಣ್ಲಿಲ್ವಾ ನಿಂಗೆ? ನಿನ್ನ ಅಮ್ಮನೂ ಹೀಗೇ ಓಡ್ಬೇಕಾ?" ಅಂತ ಒಂದೇ ಉಸಿರಿಗೆ ಬಂತು, ಕೊನೆಗೆ ಸ್ವಲ್ಪ ಏದುಸಿರು ಕೂಡ. ನಾನು ಬರೆದಿದ್ದ ಸಾಲಿಗಿಂತ ಎಷ್ಟೋ ಪಾಲು ಚೆನ್ನಾಗಿತ್ತು. ಅದನ್ನೇ ಇಟ್ಟುಕೊಂಡೆವು.

ಬಸ್ಸಿನ ವಿಷಯ ಬಂತಲ್ಲ, ಗಡಿಯಲ್ಲಿ ಇರುವವರಿಗೆ ಮಾತ್ರ ಗೊತ್ತಾಗುವ ಒಂದು ಸಂಗತಿ ಉಂಟು. ನಮ್ಮ ಕಡೆಯ ಬಸ್ಸಿನಲ್ಲಿ ಮೇಲೆ ಹಗ್ಗ, ಹಗ್ಗ ಎಳೆದರೆ ಬೆಲ್ಲು. ಒಂದು ಸಲ ಬಡಿದರೆ ನಿಲ್ಲಿಸು, ಎರಡು ಸಲ ಬಡಿದರೆ ಹೋಗು. ತಲಪಾಡಿ ದಾಟಿ ಮಂಗಳೂರು ಕಡೆಯ ಖಾಸಗಿ ಬಸ್ಸು ಹತ್ತಿದರೆ ಕಂಡಕ್ಟರ್ ಬಾಯಲ್ಲಿ ಸೀಟಿ. ನಾಟಕದಲ್ಲಿ ಅಜ್ಜಿ ಗಡಿ ದಾಟಿದಳು ಅಂತ ಯಾರೂ ಹೇಳಬೇಕಿಲ್ಲ, ಬೆಲ್ಲಿನ ಜಾಗದಲ್ಲಿ ಸೀಟಿ ಕೇಳಿಸಿದರೆ ಆಯಿತು. ಊರಿನವರು ಕೇಳಿದ ಕೂಡಲೇ ನಕ್ಕರು.

ಇನ್ನು ಸುರಂಗದ ಕಥೆ. 2024ರ 'ಮಂಜುಮ್ಮೆಲ್ ಬಾಯ್ಸ್' ನೋಡಿ ಬಂದ ಮೇಲೆ ನನಗೆ ಬೇರೆ ಯೋಚನೆಯೇ ಇರಲಿಲ್ಲ. 2006ರಲ್ಲಿ ಕೊಚ್ಚಿ ಬದಿಯ ಮಂಜುಮ್ಮೆಲ್‌ನಿಂದ ಕೊಡೈಕೆನಾಲಿಗೆ ಹೋದ ಗೆಳೆಯರ ನಿಜ ಘಟನೆ ಅದು. ಗುಣ ಗುಹೆಯ ಆಳದ ಗುಂಡಿಗೆ ಒಬ್ಬ ಬೀಳುತ್ತಾನೆ. ಮೇಲಿನಿಂದ ಅವನ ಹೆಸರು ಕೂಗುತ್ತಾರೆ, ಉತ್ತರ ಇಲ್ಲ, ಮತ್ತೆ ಕೂಗುತ್ತಾರೆ. ಮಳೆನೀರು ಆ ಗುಂಡಿಗೆ ಇಳಿಯದ ಹಾಗೆ ತಡೆಯಲು ಒದ್ದಾಡುತ್ತಾರೆ. ಗುಹೆಯ ಬಹುಭಾಗ ಅಜಯನ್ ಚಾಲಿಶ್ಶೇರಿ ಹಾಕಿದ ಸೆಟ್ಟು. ಆದರೆ ಕಿವಿಗೆ ಅದು ಸೆಟ್ಟು ಅನಿಸುವುದೇ ಇಲ್ಲ. ರಕ್ಷಣೆಯ ಭಾಗದಲ್ಲಿ ಸಂಗೀತ ಸ್ವಲ್ಪ ಕಡಿಮೆ ಇದ್ದರೆ ನನಗೆ ಇನ್ನೂ ಇಷ್ಟವಾಗುತ್ತಿತ್ತು, ಆ ಕೂಗೇ ಸಾಕಿತ್ತು ಅಲ್ವಾ.

ನಮ್ಮ ಎಣ್ಮಕಜೆ, ಪೈವಳಿಕೆ, ಬಾಯಾರು ಕಡೆ ಸುರಂಗ ಎಲ್ಲಿ ನೋಡಿದರೂ ಇವೆ. ಹೊರಗಿನವರಿಗೆ ಹೇಳುವುದಾದರೆ, ಬಾವಿಯ ಹಾಗೆ ಕೆಳಕ್ಕೆ ಅಲ್ಲ, ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಕೊರೆದು ನೀರಿನ ಒರತೆಯವರೆಗೆ ಹೋಗುವುದು. ಒಬ್ಬ ಹೋಗುವಷ್ಟು ಅಗಲ. ಪಂಪು ಬೇಡ, ನೀರು ತಾನಾಗಿ ಹೊರಗೆ ಹರಿದು ಟ್ಯಾಂಕಿಗೆ ಬರುತ್ತದೆ. ಸುರಂಗ ತೋಡುವ ಅಪ್ಪ, ಹೊರಗೆ ಮಣ್ಣು ಹೊರುವ ಮಗ, ಇವರಿಬ್ಬರ ನಾಟಕ ಮಾಡೋಣ ಅಂತ ಕೂತೆವು.

ಸಾಫ್ಟ್‌ವೇರಿನಲ್ಲಿ ಎಕೋ ಅಂತ ಒಂದು ಬಟನ್ ಉಂಟು. ಅದನ್ನು ಸುಮ್ನೆ ಒತ್ತಿದರೆ ಮಾತು ಒಂದು ಸೆಕೆಂಡ್ ತಡವಾಗಿ ಮರಳಿ ಬರುತ್ತದೆ. ಅದು ಪೌರಾಣಿಕ ಸಿನಿಮಾದ ಆಕಾಶವಾಣಿಗೆ ಸರಿ, ಸುರಂಗಕ್ಕೆ ಅಲ್ಲ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 30 ಮೀಟರ್ ಉದ್ದದ ಸುರಂಗದಲ್ಲಿ ಹೋಗಿ ಬರಲು ಸೆಕೆಂಡಿನ ಆರನೇ ಒಂದು ಪಾಲು ಸಾಕು. ಪಕ್ಕದ ಗೋಡೆಗಳಿಂದ ಮರಳುವ ಶಬ್ದ ಅದಕ್ಕಿಂತಲೂ ಎಷ್ಟೋ ಬೇಗ ಬರುವುದರಿಂದ ಬೇರೆ ಮಾತಾಗಿ ಕೇಳಿಸುವುದಿಲ್ಲ, ಮೂಲ ಮಾತಿಗೇ ಬಾಲದ ಹಾಗೆ ಅಂಟಿಕೊಳ್ಳುತ್ತದೆ. ಇದನ್ನು ಬಟನ್‌ನಲ್ಲಿ ಹುಡುಕುವುದಕ್ಕಿಂತ ಸುರಂಗಕ್ಕೇ ಹೋಗುವುದು ಒಳ್ಳೆಯದು ಅಂತ ತೀರ್ಮಾನ ಮಾಡಿದೆವು.

ಗೊತ್ತಿರುವವರ ತೋಟದ, ಈಗಲೂ ನೀರು ಬರುವ, ದಿನಾ ಬಳಕೆಯಲ್ಲಿರುವ ಸುರಂಗ ಅದು. ಪಾಳು ಬಿದ್ದ ಸುರಂಗಕ್ಕೆ ಯಾರೂ ಹೋಗಬೇಡಿ, ಒಳಗೆ ಗಾಳಿ ಇರುವುದಿಲ್ಲ, ಮೇಲಿನ ಮಣ್ಣು ಕುಸಿಯಬಹುದು. ತೋಡುವವರು ಮೊಂಬತ್ತಿ ಹಿಡಿದು ಹೋಗುವುದು ಬೆಳಕಿಗೆ ಮಾತ್ರ ಅಲ್ಲ, ಅದು ನಂದಿದರೆ ಹೊರಗೆ ಬರಬೇಕು ಅಂತ. ನಾವು ಬಾಗಿಲಿನಿಂದ ಸ್ವಲ್ಪವೇ ಒಳಗೆ, ನೀರು ತಾಗದ ಹಾಗೆ ಕಲ್ಲಿನ ಮೇಲೆ ಮೊಬೈಲ್ ಇಟ್ಟೆವು. ಮೊದಲು ಯಾರೂ ಮಾತಾಡದೆ ಒಂದೆರಡು ನಿಮಿಷ ಬರೀ ಸುರಂಗದ ಶಬ್ದ. ಇದು ಬಹಳ ಮುಖ್ಯ, ಮನೆಯಲ್ಲಿ ರೆಕಾರ್ಡ್ ಮಾಡುವಾಗಲೂ ಹೀಗೆ ಮಾಡಿ. ಮಾತುಗಳನ್ನು ಕತ್ತರಿಸಿ ಜೋಡಿಸುವಾಗ ನಡುವೆ ಖಾಲಿ ಬಿಟ್ಟರೆ ಅಲ್ಲಿ ತೂತು ಬಿದ್ದ ಹಾಗೆ ಕೇಳಿಸುತ್ತದೆ, ಈ ಖಾಲಿ ಶಬ್ದ ಅಡಿಯಲ್ಲಿ ಉದ್ದಕ್ಕೂ ಹಾಸಿದರೆ ಎಲ್ಲ ಒಂದೇ ಜಾಗದಲ್ಲಿ ನಡೆದ ಹಾಗೆ ಆಗುತ್ತದೆ. ಆಮೇಲೆ ಪಿಕ್ಕಾಸಿನ ಪೆಟ್ಟು. ಅದಕ್ಕೆ ಸುರಂಗದ ಗೋಡೆ ಮುಟ್ಟಲಿಲ್ಲ, ಬಾಗಿಲ ಬಳಿ ಬೇರೆ ಮುರಕಲ್ಲು ಇಟ್ಟು ಹೊಡೆದೆವು. ಕೊನೆಗೆ ಅಪ್ಪನ ಕೂಗು.

ಮೊಬೈಲಿನ ಮಾಮೂಲಿ ರೆಕಾರ್ಡರ್ ಇದಕ್ಕೆ ಆಗುವುದಿಲ್ಲ. ಮೌನ ಇದ್ದಾಗ ಅದು ತಾನಾಗಿಯೇ ಸೌಂಡ್ ಏರಿಸುತ್ತದೆ, ಜೋರು ಪೆಟ್ಟು ಬಿದ್ದಾಗ ಒಮ್ಮೆಲೇ ಇಳಿಸುತ್ತದೆ, ಕೇಳುವಾಗ ಉಸಿರು ಬಿಗಿಹಿಡಿದು ಬಿಟ್ಟ ಹಾಗೆ ಇರುತ್ತದೆ. ಆ ಏರಿಳಿತ ಬಂದ್ ಮಾಡಲು ಬಿಡುವ ಆ್ಯಪ್ ಹಾಕಿಕೊಳ್ಳಿ, ಅದರ ಸೆಟ್ಟಿಂಗಿನಲ್ಲಿ ವೇವ್ (ಶಬ್ದವನ್ನು ಕುಗ್ಗಿಸದೆ ಇಡುವ) ಫೈಲ್, 48 ಕಿಲೋಹರ್ಟ್ಸ್ ಅಂತ ಇಟ್ಟುಕೊಳ್ಳಿ. ಶಬ್ದ ಎಷ್ಟು ಜೋರು ಅಂತ ತೋರಿಸುವ ಮೀಟರು ಮೈನಸ್ 6 ಡೆಸಿಬಲ್ ದಾಟದ ಹಾಗೆ ನೋಡಿಕೊಳ್ಳಿ. ಕಡಿಮೆ ಬಂದದ್ದನ್ನು ಆಮೇಲೆ ಏರಿಸಬಹುದು, ಒಡೆದ ಶಬ್ದವನ್ನು ಸರಿ ಮಾಡಲಿಕ್ಕೆ ಆಗುವುದಿಲ್ಲ.

ಮಳೆಯ ಶಬ್ದಕ್ಕೂ ಒಂದು ದಾರಿ ಉಂಟು. ಜೂನ್ ಮಳೆಯನ್ನು ಹಾಗೇ ರೆಕಾರ್ಡ್ ಮಾಡಿದರೆ ಬರೀ 'ಸ್ಸ್' ಅಂತ ಬರುತ್ತದೆ, ಬಾಣಲೆಯ ಎಣ್ಣೆಯೋ ಮಳೆಯೋ ಗೊತ್ತಾಗುವುದಿಲ್ಲ. ಜಗಲಿಯಲ್ಲಿ ನಿಂತು ದೂರದ ಮಳೆ ಬೇರೆ ತೆಗೆಯಬೇಕು, ಕೆಸುವಿನ ಎಲೆ, ಒಣ ಅಡಿಕೆ ಹಾಳೆ, ಬಕೆಟಿನ ಮೇಲೆ ಬೀಳುವ ಹತ್ತಿರದ ಹನಿ ಬೇರೆ ತೆಗೆಯಬೇಕು, ಆಮೇಲೆ ಒಂದರ ಮೇಲೊಂದು ಇಡಬೇಕು. ಒಣಗಿದ ಅಡಿಕೆ ಸಿಪ್ಪೆ ಒಂದು ಗೋಣಿ ತುಂಬ ಇಟ್ಟುಕೊಳ್ಳಿ, ಅದನ್ನು ಮೆಟ್ಟಿದರೆ ಕಾಡಿನಲ್ಲಿ ನಡೆದ ಶಬ್ದ ಸಿಗುತ್ತದೆ.

ಒಂದು ಶಬ್ದ ಮಾತ್ರ ನಾನು ತೆಗೆಯುವುದಿಲ್ಲ. 'ಕಾಂತಾರ'ದಲ್ಲಿ ದೈವದ ಆ ಕೂಗು ಥಿಯೇಟರಿನಲ್ಲಿ ಕೇಳಿದಾಗ ಮೈ ಜುಮ್ಮೆಂದಿತ್ತು, ಅದು ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಚಂದ್ರಗಿರಿ ಹೊಳೆಯ ಈಚೆ ಭೂತಕೋಲ, ಆಚೆ ತೆಯ್ಯಂ ನೋಡಿ ಬೆಳೆದವರು ನಾವು. ಅಲ್ಲಿ ಮೊಬೈಲ್ ಕಿಸೆಯಲ್ಲೇ ಇರಲಿ. ನಮ್ಮ ನಾಟಕಕ್ಕೆ ಕೋಲದ ರಾತ್ರಿ ಬೇಕಾದಾಗ ದೂರದ ಮೈಕಿನ ಅಸ್ಪಷ್ಟ ಮಾತು, ನಡೆದು ಹೋಗುವವರ ಟಾರ್ಚು ಒತ್ತಿದ ಟಿಕ್ ಶಬ್ದ, ಕಡಲೆ ಮಾರುವವನ ಕೂಗು, ಇಷ್ಟರಲ್ಲೇ ಮಾಡಿದೆವು. ಅದು ಸಾಕಾಯಿತು.

ಸುರಂಗದ ನಾಟಕದಲ್ಲಿ ಅಪ್ಪನದ್ದು ತುಳು, ತೋಟದ ಯಜಮಾನರದ್ದು ಕನ್ನಡ, ಕಣ್ಣೂರಿನಲ್ಲಿ ಕೆಲಸಕ್ಕಿದ್ದು ಬಂದ ಮಗನ ಬಾಯಲ್ಲಿ ಅರ್ಧ ಮಲಯಾಳ. ಯಾವುದನ್ನೂ ಇನ್ನೊಂದಕ್ಕೆ ಬದಲಿಸಲಿಲ್ಲ. ಕೇಳುವವರಿಗೆ ಅರ್ಥ ಆಗಬೇಕು ಅಂತ ಒಂದೇ ಉಪಾಯ ಮಾಡಿದೆ, ಗೊತ್ತಾಗದಿರಬಹುದಾದ ಮಾತಿನ ಬೆನ್ನಿಗೇ ಎದುರಿನವನ ಉತ್ತರ ಕನ್ನಡದಲ್ಲಿ ಬರುವ ಹಾಗೆ. ನಮ್ಮ ಮನೆಗಳಲ್ಲಿ ದಿನಾ ನಡೆಯುವುದೂ ಹಾಗೇ ಅಲ್ವಾ.

ಮಿಕ್ಸ್ ಮಾಡಿದ್ದನ್ನು ಇಯರ್‌ಫೋನಿನಲ್ಲಿ ಮಾತ್ರ ಕೇಳಿ ಕಳಿಸಬೇಡಿ. ಜನ ಕೇಳುವುದು ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ, ಅಡುಗೆ ಮಾಡುತ್ತಾ. ಅದರಲ್ಲಿ ಸುರಂಗದ ಆ ತಗ್ಗಿನ ಗುಂಯ್ ಶಬ್ದ ಕೇಳಿಸುವುದೇ ಇಲ್ಲ. ಹಾಗಾಗಿ ನೀರಿನ ಹನಿ ಬೀಳುವುದನ್ನು ಸ್ವಲ್ಪ ಜಾಸ್ತಿ ಇಟ್ಟಿದ್ದೇನೆ, ಜಾಗ ಯಾವುದೆಂದು ಅದರಿಂದಲೇ ಗೊತ್ತಾಗುತ್ತದೆ. ಈಗ ಬಾಕಿ ಇರುವುದು ಮಗನ ಧ್ವನಿ ಮಾತ್ರ. ಕಣ್ಣೂರಿನ ಮಲಯಾಳ, ಮನೆಯ ತುಳು ಎರಡೂ ಸಲೀಸಾಗಿ ಬರುವ ಹುಡುಗ ಒಬ್ಬ ಪೆರ್ಲದಲ್ಲಿ ಇದ್ದಾನೆ ಅಂತ ಚಿಕ್ಕಮ್ಮ ಹೇಳಿದ್ದಾರೆ, ಭಾನುವಾರ ಹೋಗಿ ಕೇಳಬೇಕು.