ಪದವಿನ ಕೆಂಪು, ಪದವಿನ ಕಪ್ಪು

ನಾನು ಕಾಸರಗೋಡಿನ ಬಡಗು ಭಾಗದವನು. ಜಲವರ್ಣದಲ್ಲಿ ಊರಿನ ಚಿತ್ರ ಬರೆಯುತ್ತೇನೆ. ಅದರಲ್ಲೂ ಪದವಿನ ಚಿತ್ರವೇ ಜಾಸ್ತಿ. ಪದವು ಅಂದರೆ ಗುಡ್ಡೆಯ ನೆತ್ತಿಯಲ್ಲಿ ಹರಡಿಕೊಂಡ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಹಾಸು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಎಲ್ಲಿ ಹತ್ತಿದರೂ ಒಂದು ಸಿಗುತ್ತದೆ. ಬೆಳೆ ಬಾರದ ಜಾಗ ಅಂತ ಜನ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಿತ್ರ ಬರೆಯುವವನಿಗೆ ನಮ್ಮ ಸೀಮೆಯಲ್ಲಿ ಅದಕ್ಕಿಂತ ಶ್ರೀಮಂತ ಜಾಗ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಬ್ರಷ್ ಹಿಡಿದದ್ದು ಬೋರ್ಡ್ ಬರೆಯಲು. ಒಂದೇ ಅಂಗಡಿಗೆ ಮೇಲೆ ಮಲಯಾಳ, ಕೆಳಗೆ ಕನ್ನಡ. ಎನಾಮೆಲ್ ಬಣ್ಣದಲ್ಲಿ ಒಂದೇ ಎಳೆತಕ್ಕೆ ಗೆರೆ ಎಳೆಯುವ ಕೈ ಅಲ್ಲಿ ಬಂತು. ಆಮೇಲೆ ಫ್ಲೆಕ್ಸ್ ಬಂತು, ಬೋರ್ಡಿನ ಕೆಲಸ ಹೋಯಿತು. ಮಕ್ಕಳಿಗೆ ಚಿತ್ರ ಹೇಳಿಕೊಡುತ್ತಾ ಹೊಟ್ಟೆ ಹೊರೆದೆ. ಉಳಿದ ಹೊತ್ತೆಲ್ಲ ಗುಡ್ಡೆಯಲ್ಲಿ.

ಬೆಂಗಳೂರಿನ ಬೀದಿ, ಮರಗಳನ್ನು ಜಾಗದಲ್ಲೇ ನಿಂತು ಬರೆದ ರುಮಾಲೆ ಚನ್ನಬಸವಯ್ಯನವರ (1910–1988) ಚಿತ್ರ ನೋಡಿದ ಮೇಲೆ ನನಗೆ ಧೈರ್ಯ ಬಂತು. ಒಬ್ಬ ಕಲಾವಿದನಿಗೆ ಒಂದು ಊರು ಸಾಕಾಗುತ್ತದೆ ಅಂತ.

ಮುರಕಲ್ಲು ಅಂದ ಕೂಡಲೇ ಎಲ್ಲರೂ ಕೆಂಪು ಬಣ್ಣಕ್ಕೆ ಕೈ ಹಾಕುತ್ತಾರೆ. ಪದವಿನಲ್ಲಿ ನಿಂತು ನೋಡಿ, ನೆಲ ಕಪ್ಪು. ಬಿಸಿಲು ಮಳೆಗೆ ಸವೆದು, ಪಾಚಿ ಕಟ್ಟಿ, ಒಣಗಿ ಹಾಗಾಗಿರುತ್ತದೆ. ಕೆಂಪು ಕಾಣುವುದು ಕಡಿದಲ್ಲಿ ಮಾತ್ರ. ರಸ್ತೆಗಾಗಿ ಕಡಿದ ಬರೆ, ಬಾವಿಯ ಗೋಡೆ, ಸುರಂಗದ ಬಾಯಿ, ಕಲ್ಲಿನ ಕೋರೆ. ಹಾಗಾಗಿ ನಾನು ಕಪ್ಪಿನಿಂದ ಶುರು ಮಾಡುತ್ತೇನೆ. ಟ್ಯೂಬಿನ ಕಪ್ಪು ಬೇಡ, ಅದರಲ್ಲಿ ಜೀವ ಇಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಕಂದು ಬೆರೆಸಿ, ಒರಟು ಕಾಗದದ ಮೇಲೆ ನೀರು ಜಾಸ್ತಿ ಇಟ್ಟು ಬಿಡಬೇಕು. ಅಲ್ಟ್ರಾಮರೀನಿನ ಕಣ ಕಾಗದದ ಗುಳಿಗಳಲ್ಲಿ ಕೂತು ಒಣಗುತ್ತದೆ. ಮುರಕಲ್ಲಿನ ತೂತು ತೂತು ಮೈ ತಾನಾಗಿಯೇ ಬರುತ್ತದೆ. ಕಡಿದ ಜಾಗದ ಕೆಂಪಿಗೆ ಲೈಟ್ ರೆಡ್ ಸಾಕು. ಕಲ್ಲಿಗೆ ಕೆಂಪು ಕೊಟ್ಟದ್ದು ಕಬ್ಬಿಣದ ಆಕ್ಸೈಡ್, ಆ ಬಣ್ಣದೊಳಗೆ ಇರುವುದೂ ಅದೇ. ಬೇರೆ ಕೆಂಪು ಹಚ್ಚಿದರೆ ಹೊರಗಿನದು ಅಂತ ತಕ್ಷಣ ಗೊತ್ತಾಗುತ್ತದೆ.

ಆಟಿ ತಿಂಗಳು (ಜುಲೈ–ಆಗಸ್ಟ್) ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಪದವಿಗೆ ಹೋಗಬೇಕು. ಕಲ್ಲಿನ ತಗ್ಗುಗಳಲ್ಲಿ ನೀರು ನಿಂತಿರುತ್ತದೆ. ಸುತ್ತ ಗುಂಡುಸೂಜಿಯ ತಲೆಯಷ್ಟು ಚಿಕ್ಕ ಬಿಳಿ ಹೂಗಳು. ನಡುವೆ ನೀಲಿ ಹೂವಿನ ಯುಟ್ರಿಕ್ಯುಲೇರಿಯಾ. ಇಲ್ಲಿನ ತೆಳು ಮಣ್ಣಿನಲ್ಲಿ ಸಾರ ಸಾಲದೆ, ಬುಡದ ಪುಟ್ಟ ಚೀಲಗಳಲ್ಲಿ ನೀರಿನ ಸಣ್ಣ ಜೀವಿಗಳನ್ನು ಹಿಡಿದು ಬದುಕುವ ಗಿಡ ಅದು. ಆ ಬಿಳಿ ಹೂಗಳಿಗೆ ನಾನು ಬಿಳಿ ಬಣ್ಣ ಮುಟ್ಟುವುದಿಲ್ಲ. ಹತ್ತಿರದವಕ್ಕೆ ಕಾಗದವನ್ನೇ ಬಿಡುತ್ತೇನೆ. ದೂರದವಕ್ಕೆ, ಹಚ್ಚಿದ ಹಸಿರು ಅರ್ಧ ಒಣಗುವಾಗ ಹಿಂಡಿದ ಬ್ರಷ್‌ನಿಂದ ಬಣ್ಣ ಎತ್ತುತ್ತೇನೆ. ಮಂಜು ಇಳಿದ ಹಾಗೆ ಕಾಣಬೇಕು, ಎಣಿಸಲು ಸಿಗಬಾರದು. ಡಿಸೆಂಬರಿಗೆ ಇದೆಲ್ಲ ಹೋಗಿ ಮುಳಿಹುಲ್ಲಿನ ಹೊಂಬಣ್ಣ ಮಾತ್ರ ಉಳಿಯುತ್ತದೆ. ಆಗ ರಾ ಸಿಯೆನ್ನಾ ಒಂದರಲ್ಲೇ ಇಡೀ ಚಿತ್ರ ಮುಗಿಸಬಹುದು.

ಮಳೆಗಾಲದಲ್ಲಿ ದೊಡ್ಡ ಕಷ್ಟ ತೇವ. ಬಣ್ಣ ಒಣಗುವುದೇ ಇಲ್ಲ. ಅದಕ್ಕೇ ಮುನ್ನೂರು ಜಿಎಸ್‌ಎಂ ದಪ್ಪದ ಹತ್ತಿಯ ಕಾಗದ ಬಿಟ್ಟು ಬೇರೆ ಮುಟ್ಟುವುದಿಲ್ಲ, ಖರ್ಚು ಜಾಸ್ತಿಯಾದರೂ ಸರಿ. ಬೂಸಲು ಬಂದ ಕಾಗದ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಬಣ್ಣ ಬಿದ್ದಾಗಲೇ ಅಲ್ಲಲ್ಲಿ ಹೀರಿಕೊಂಡು ಮಚ್ಚೆ ಬೀಳುವುದು. ಮೇಲಿನ ಅಂಟು ಹೋಗಿರುತ್ತದೆ ಅಷ್ಟೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬೇಸಿಗೆಯಲ್ಲಿ ಒಮ್ಮೆ ತೆಗೆದು ನೆರಳಿನಲ್ಲಿ ಗಾಳಿಗೆ ಹಾಕಿ.

ಪದವಿನ ಇಳಿಜಾರಿನಲ್ಲಿ ಗೇರು ತೋಟ ಇರುತ್ತದೆ. ನೋಡಲು ಬಹಳ ಚಂದ. ಎಣ್ಮಕಜೆಯ ಗೇರುಗುಡ್ಡೆಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಜಾಸ್ತಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಮರದ ಹಸಿರಿನಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ಆ ಗುಡ್ಡೆಯನ್ನು ಒಂಟಿಯಾಗಿ ಬರೆಯಲು ನನ್ನ ಕೈ ಏಳುವುದಿಲ್ಲ. ಬುಡದಲ್ಲಿರುವ ಮನೆ, ತೋಡು, ಗುಡ್ಡೆಯ ಹೊಟ್ಟೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗ, ಅದರಿಂದ ಅಂಗಳಕ್ಕೆ ಬರುವ ನೀರು, ಇಷ್ಟೂ ಚಿತ್ರದೊಳಗೆ ಬರಲೇಬೇಕು. ಮೇಲೆ ಬಿದ್ದದ್ದು ಆ ನೀರಿನ ದಾರಿಯಲ್ಲೇ ಇಳಿದದ್ದು, ಅಲ್ವಾ?

ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಚಿತ್ರ ಒಯ್ಯುತ್ತೇನೆ. "ಕೇರಳದವರಲ್ವಾ, ಬೋಟ್‌ಹೌಸ್ ಇಲ್ವಾ ಸರ್?" ಅಂತ ಕೇಳುವವರು ಬಹಳ. ಬರೆದರೆ ಖಂಡಿತ ಮಾರಿ ಹೋಗುತ್ತದೆ. ಆದರೆ ನಾನು ಬರೆಯುವುದಿಲ್ಲ. ಆಲಪ್ಪುಳದ ಹಿನ್ನೀರು ಅಲ್ಲಿಯವರಿಗೆ ಗೊತ್ತು, ನನಗೆ ಗೊತ್ತಿಲ್ಲ. 1956ರವರೆಗೆ ನಾವು ದಕ್ಷಿಣ ಕನ್ನಡದ ತಾಲೂಕು, ವಿಟ್ಲ ಪುತ್ತೂರಿನ ಗುಡ್ಡೆಗೂ ನಮ್ಮ ಗುಡ್ಡೆಗೂ ಒಂದೇ ಕಲ್ಲು ಅಂತ ವಿವರಿಸಿ ಹೇಳುತ್ತೇನೆ. ಕೆಲವರು ಕೂತು ಕೇಳುತ್ತಾರೆ. ವಿಟ್ಲದ ಕಡೆಯವರು ಬಂದರೆ ಹೇಳಬೇಕಾದ್ದೇ ಇಲ್ಲ, ಪದವಿನ ಚಿತ್ರದ ಮುಂದೆ ತಾವಾಗಿಯೇ ನಿಲ್ಲುತ್ತಾರೆ.

ಈಗ ಪದವುಗಳು ಬೇಗ ಬೇಗ ಕೋರೆಯಾಗುತ್ತಿವೆ. ಯಂತ್ರ ಇಳಿದ ಮೇಲೆ ಕಲ್ಲಿನ ಜೊತೆಗೆ ನೀರು ನಿಲ್ಲುವ ತಗ್ಗೂ ಹೋಗುತ್ತದೆ. ಅದಕ್ಕೇ ಪ್ರತಿ ಚಿತ್ರದ ಹಿಂದೆ ಊರು, ತಾರೀಕು, ನಾನು ನಿಂತ ಜಾಗ, ಯಾವ ದಿಕ್ಕಿಗೆ ನೋಡಿದೆ ಎಂದು ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಈ ಮಳೆಗೆ ಪಳ್ಳಗಳನ್ನಷ್ಟೇ, ಅಂದರೆ ನೀರು ನಿಲ್ಲುವ ಆ ತಗ್ಗುಗಳನ್ನಷ್ಟೇ ಬರೆಯಬೇಕೆಂದಿದ್ದೇನೆ. ನಿಮ್ಮ ಪದವಿನಲ್ಲಿ ಒಂದು ಪಳ್ಳ ಉಳಿದಿದ್ದರೆ ತಿಳಿಸಿ. ಬಣ್ಣದ ಪೆಟ್ಟಿಗೆ ಹಿಡಿದು ಬರುತ್ತೇನೆ.