ಜ್ವರದ ಕೂಸು ಬಂದಾಗ ಮೊದಲು ಕೌದಿ ಬಿಚ್ಚಿ

ಶ್ರಾವಣದ ಒಂದು ರಾತ್ರಿ, ಹನ್ನೊಂದರ ಸುಮಾರು. ಕುಂದಗೋಳ ಕಡೆಯ ಅಜ್ಜಿಯೊಬ್ಬರು ಏಳು ತಿಂಗಳ ಮೊಮ್ಮಗನನ್ನು ಕೌದಿಯಲ್ಲಿ ಸುತ್ತಿಕೊಂಡು, ನಾನು ನರ್ಸ್ ಆಗಿರುವ ಹುಬ್ಬಳ್ಳಿಯ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದರು. ತಲೆಗೆ ಕುಲಾಯಿ, ಮೈಮೇಲೆ ಎರಡು ಅಂಗಿ, ಅದರ ಮೇಲೊಂದು ಸ್ವೆಟರ್. ಬಸ್ಸು ಹತ್ತುವ ಮೊದಲು ಸಿರಪ್ ಕುಡಿಸಿದ್ದರಿಂದ ಥರ್ಮಾಮೀಟರ್ 99.6 ತೋರಿಸಿತು. “ಜ್ವರ ಇಳಿದಿದೆಯಲ್ಲ, ಬೆಳಿಗ್ಗೆ ತೋರಿಸಿದರೆ ನಡೆಯುತ್ತದೆಯೇ?” ಎಂದು ಅಜ್ಜಿ ಕೇಳಿದರು. ಹಿಂದೆ ನಿಂತಿದ್ದ ತಾಯಿ ಮಾತ್ರ, “ಇಲ್ಲ ಸಿಸ್ಟರ್, ಇದು ಹೀಗೆ ಸುಮ್ಮನೆ ಬಿದ್ದಿರುವ ಕೂಸೇ ಅಲ್ಲ” ಎಂದರು. ಅಂಗಿ ಬಿಚ್ಚಿದೆವು. ಉಸಿರು ನಿಮಿಷಕ್ಕೆ 66. ಒಂದೊಂದು ಉಸಿರಿಗೂ ಎದೆಗೂಡಿನ ಕೆಳಭಾಗ ಒಳಕ್ಕೆ ಸೇದಿಕೊಳ್ಳುತ್ತಿತ್ತು. ನ್ಯುಮೋನಿಯಾ. ತಕ್ಷಣ ಆಮ್ಲಜನಕ ಕೊಟ್ಟು ಇಂಜೆಕ್ಷನ್ ಶುರು ಮಾಡಿದರು. ಐದನೆಯ ದಿನ ಅದೇ ಕೂಸು ಅಜ್ಜಿಯ ಮೂಗುತಿಗೆ ಕೈ ಹಾಕಿ ಎಳೆಯುತ್ತಿತ್ತು.

ಮಕ್ಕಳಿಗೆ ಬರುವ ಬಹುಪಾಲು ಜ್ವರ ವೈರಸ್ಸಿನದು, ನಾಲ್ಕಾರು ದಿನದಲ್ಲಿ ತಾನಾಗಿ ಹೋಗುತ್ತದೆ. ಅವುಗಳ ನಡುವೆ ಅಡಗಿ ಬರುವ ನ್ಯುಮೋನಿಯಾ, ಮೆದುಳು ಜ್ವರ, ರಕ್ತದ ಸೋಂಕು, ಡೆಂಗಿಗಳನ್ನು ಹೆಕ್ಕಿ ತೆಗೆಯುವುದೇ ತುರ್ತು ವಿಭಾಗದ ಕೆಲಸ. ಅದರಲ್ಲಿ ಅರ್ಧದಷ್ಟನ್ನು ಯಾವ ಯಂತ್ರವೂ ಇಲ್ಲದೆ ಮನೆಯಲ್ಲೇ ಮಾಡಬಹುದು. ನಾವು ಹೇಗೆ ನೋಡುತ್ತೇವೆಯೋ ಅದೇ ಕ್ರಮದಲ್ಲಿ ಹೇಳುತ್ತೇನೆ.

ಮೊದಲ ಹೆಜ್ಜೆ: ಮುಟ್ಟದೆ ಅರ್ಧ ನಿಮಿಷ ನೋಡುವುದು

ಮಗು ತಾಯಿಯ ತೊಡೆಯ ಮೇಲೇ ಇರಲಿ. ಮುಟ್ಟಿದರೆ ಅಳುತ್ತದೆ, ಅತ್ತರೆ ಉಸಿರಿನ ಲೆಕ್ಕವೂ ತಪ್ಪುತ್ತದೆ, ಮುಖದ ಬಣ್ಣವೂ ತಪ್ಪು ಹೇಳುತ್ತದೆ. ದೂರದಿಂದ ನೋಡಬೇಕಾದದ್ದು ಮೂರು. ನಿಮ್ಮ ಮುಖ ನೋಡುತ್ತಿದೆಯೇ, ಕೈಬಳೆ ಅಲುಗಾಡಿಸಿದರೆ ಕಣ್ಣು ಅತ್ತ ಹೊರಳುತ್ತದೆಯೇ? ಉಸಿರಾಡಲು ಕಷ್ಟಪಡುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ, ನರಳುವ ಸದ್ದು ಬರುತ್ತಿದೆಯೇ? ಬಣ್ಣ ಕಳೆಗುಂದಿದೆಯೇ? ನಮ್ಮ ಮಕ್ಕಳದು ಕಂದು ಮೈಬಣ್ಣ. ಕೆನ್ನೆ ನೋಡಿದರೆ ತಿಳಿಯುವುದಿಲ್ಲ, ತುಟಿ, ನಾಲಿಗೆ, ಅಂಗೈ ಮತ್ತು ಕೆಳರೆಪ್ಪೆಯ ಒಳಭಾಗ ನೋಡಬೇಕು. ಬಿಳಿಚಿಕೊಂಡಿದ್ದರೆ ಅಥವಾ ನೀಲಿಗಟ್ಟಿದ್ದರೆ ಮುಂದಿನ ಹೆಜ್ಜೆ ಓದುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

ಜೋರಾಗಿ ಅಳುವ ಮಗು ನಮ್ಮನ್ನು ಅಷ್ಟು ಹೆದರಿಸುವುದಿಲ್ಲ. ಸೂಜಿ ಚುಚ್ಚಿದರೂ ಅಳದ ಮಗು, ಕ್ಷೀಣವಾಗಿ ಕೀರಲು ದನಿಯಲ್ಲಿ ಒಂದೇ ಸಮನೆ ಅಳುವ ಮಗು, ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಜಾರಿ ಹೋಗುವ ಮಗು, ಇವು ನಮ್ಮನ್ನು ಓಡಿಸುತ್ತವೆ. ಇಲ್ಲಿ ತಾಯಿಯ ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ದಿನವಿಡೀ ಮಗುವನ್ನು ನೋಡುವವಳು ಅವಳು. “ಏನೋ ಸರಿ ಇಲ್ಲ” ಎಂದು ಅವಳು ಹೇಳಿದರೆ ಅದನ್ನು ರೋಗಲಕ್ಷಣವೆಂದೇ ಚೀಟಿಯಲ್ಲಿ ಬರೆಯಬೇಕು.

ವಯಸ್ಸು ಕೇಳಿ, ಆಮೇಲೆ ಜ್ವರ ಅಳೆಯಿರಿ

ಡಿಜಿಟಲ್ ಥರ್ಮಾಮೀಟರನ್ನು ಒಣಗಿದ ಕಂಕುಳಲ್ಲಿಟ್ಟು, ತೋಳು ಒತ್ತಿ ಹಿಡಿದು, ಬೀಪ್ ಸದ್ದು ಬರುವವರೆಗೆ ಕಾಯಿರಿ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ದಾಟಿದರೆ ಜ್ವರ. ಮೂರು ತಿಂಗಳು ತುಂಬದ ಕೂಸಿಗೆ ಇಷ್ಟಿದ್ದರೆ ಸಾಕು, ಆಟವಾಡುತ್ತಿದ್ದರೂ ಅದೇ ದಿನ ಆಸ್ಪತ್ರೆಗೆ ತರಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಮ್ಮ ದೇಶದ ಆರೋಗ್ಯ ಕಾರ್ಯಕರ್ತರು ಅನುಸರಿಸುವ ಕ್ರಮ ಇನ್ನೂ ಬಿಗಿ: ಕಂಕುಳಲ್ಲಿ 99.5 ಇದ್ದರೂ ಅಪಾಯದ ಗುರುತು. ಅಷ್ಟೇ ಅಲ್ಲ, ಹಸುಗೂಸಿನ ಮೈ ಜ್ವರದ ಬದಲು ತಣ್ಣಗಾಗಿ, ಹಾಲು ಚೀಪುವುದನ್ನು ಬಿಟ್ಟಿದ್ದರೆ ಅದೂ ಸೋಂಕಿರಬಹುದು. ಇಂಥ ಕೂಸಿಗೆ ಮನೆಯಲ್ಲಿ ಸಿರಪ್ ಹಾಕಿ ಕಾಯಬೇಡಿ. ಮೂರರಿಂದ ಆರು ತಿಂಗಳವರೆಗಿನ ಮಗುವಿಗೆ 102.2 ಮುಟ್ಟಿದರೆ ಆಗಲೂ ವೈದ್ಯರು ನೋಡಬೇಕು.

ಆರು ತಿಂಗಳು ದಾಟಿದ ಮೇಲೆ ಡಿಗ್ರಿಯೊಂದನ್ನೇ ನೋಡಿ ರೋಗದ ಭಾರ ಅಳೆಯಲು ಬರುವುದಿಲ್ಲ. ಔಷಧಿಗೆ ಜ್ವರ ಇಳಿಯಿತು ಎಂಬ ಕಾರಣಕ್ಕೆ ದೊಡ್ಡ ರೋಗ ಇಲ್ಲ ಎನ್ನಲೂ ಆಗದು. ಕುಂದಗೋಳದ ಕೂಸಿನಲ್ಲಿ ನೀವು ಕಂಡದ್ದು ಇದನ್ನೇ.

ಅಂಗಿ ಬಿಚ್ಚಿ, ಪೂರ್ತಿ ಒಂದು ನಿಮಿಷ ಎಣಿಸಿ

ಈ ಹೆಜ್ಜೆಯನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ. ಮಗು ಶಾಂತವಾಗಿರುವಾಗ, ಬೆಳಕಿನಲ್ಲಿ, ಎದೆ ಹೊಟ್ಟೆ ಎರಡೂ ಕಾಣುವಂತೆ ಬಟ್ಟೆ ಸರಿಸಿ. ಮೊಬೈಲಿನಲ್ಲಿ ಒಂದು ನಿಮಿಷದ ಅಲಾರಂ ಇಟ್ಟುಕೊಂಡು ಹೊಟ್ಟೆ ಏರುವುದನ್ನು ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಚಿಕ್ಕ ಮಕ್ಕಳ ಉಸಿರು ಒಂದು ಲಯದಲ್ಲಿರುವುದಿಲ್ಲ. ಎರಡು ತಿಂಗಳೊಳಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಹಸುಗೂಸಿನ ಲೆಕ್ಕ 60 ದಾಟಿದರೆ ಇನ್ನೊಮ್ಮೆ ಎಣಿಸಿ ಖಚಿತ ಮಾಡಿಕೊಳ್ಳಿ. ಎಣಿಸುವಾಗಲೇ ಪಕ್ಕೆಯ ಕೆಳಗಿನ ಅಂಚನ್ನು ನೋಡುತ್ತಿರಿ. ಉಸಿರು ಒಳಗೆ ಹೋಗುವಾಗ ಆ ಅಂಚು ಹೊರಕ್ಕೆ ಬರಬೇಕು. ಒಳಕ್ಕೆ ಗುಳಿ ಬೀಳುತ್ತಿದ್ದರೆ ಶ್ವಾಸಕೋಶ ಸೋಲುತ್ತಿದೆ ಎಂದರ್ಥ.

ನಮ್ಮ ಕಡೆ ಜ್ವರ ಎಂದೊಡನೆ ಗಾಳಿ ತಾಗಬಾರದೆಂದು ಕೌದಿ ಹೊದಿಸುವ ರೂಢಿ. ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಆದರೆ ಮೈಯ ಬಿಸಿ ಹೊರಹೋಗದು, ಗುಳಿ ಬೀಳುವ ಪಕ್ಕೆಯೂ ಯಾರ ಕಣ್ಣಿಗೂ ಬೀಳದು.

ಕೈಕಾಲು, ಚರ್ಮ, ಕತ್ತು, ನೆತ್ತಿ

ಎದೆಯ ಮೂಳೆಯ ಮೇಲೆ ಬೆರಳಿನಿಂದ ಐದು ಸೆಕೆಂಡು ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ ಬಣ್ಣ ಮರಳಲು ಮೂರು ಸೆಕೆಂಡು ಅಥವಾ ಹೆಚ್ಚು ಹಿಡಿದರೆ ರಕ್ತ ಸಂಚಾರ ಕುಗ್ಗಿದೆ. ಮೈ ಸುಡುತ್ತಿದ್ದು ಅಂಗಾಲು ಮಾತ್ರ ತಣ್ಣಗಿದ್ದರೆ ಚಳಿ ಎಂದುಕೊಳ್ಳದೆ ಈ ಪರೀಕ್ಷೆ ಮಾಡಿ. ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆಗಳಿದ್ದರೆ ಗಾಜಿನ ಲೋಟದ ಬದಿಯನ್ನು ಒತ್ತಿ ಹಿಡಿಯಿರಿ. ಒತ್ತಿದಾಗ ಮಾಯವಾದರೆ ಅಷ್ಟು ಭಯವಿಲ್ಲ. ಮಾಯವಾಗದಿದ್ದರೆ ಚರ್ಮದಡಿ ರಕ್ತ ಒಸರಿದೆ, ಅದು ತುರ್ತು. ಕಂಕುಳು, ತೊಡೆಸಂದು, ಕಿವಿಯ ಹಿಂಭಾಗವನ್ನೂ ನೋಡಿ. ಬೀಡಿಯಿಂದ ಸುಟ್ಟಂತೆ ಕಾಣುವ ನೋವಿಲ್ಲದ ಕಪ್ಪು ಹಕ್ಕಳೆ ಸ್ಕ್ರಬ್ ಟೈಫಸ್ಸಿನ ಗುರುತು. ಸಣ್ಣ ನುಸಿಯಿಂದ ಬರುವ ಈ ಜ್ವರಕ್ಕೆ ಸರಿಯಾದ ಔಷಧಿ ಇದೆ, ಹಕ್ಕಳೆ ಕಂಡರೆ ಮಾತ್ರ ಬೇಗ ಹೊಳೆಯುತ್ತದೆ.

ಕತ್ತು ಬಗ್ಗಿಸಲು ಆಗದಿರುವುದು, ಕೂಸಿನ ನೆತ್ತಿ ಉಬ್ಬಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಹಾಲು ನೀರು ಏನೂ ಗುಟುಕರಿಸದಿರುವುದು, ಸೆಳವು ಬರುವುದು: ಇದರಲ್ಲಿ ಒಂದಿದ್ದರೂ ಬೆಳಗಿನವರೆಗೆ ಕಾಯುವ ಮಾತಿಲ್ಲ. ಕೊನೆಯ ಸಲ ಉಚ್ಚೆ ಹೊಯ್ದದ್ದು ಎಷ್ಟು ಹೊತ್ತಿಗೆ ಎಂದೂ ನಾವು ಕೇಳುತ್ತೇವೆ, ನೆನಪಿಟ್ಟುಕೊಳ್ಳಿ.

ಆಸ್ಪತ್ರೆಯಲ್ಲಿ ನಡೆಯುವುದೇನು

“ನಾವು ಮೊದಲು ಬಂದೆವು, ಅವರನ್ನೇಕೆ ಒಳಗೆ ಕರೆದಿರಿ?” ಎಂಬ ಜಗಳ ವಾರಕ್ಕೊಮ್ಮೆಯಾದರೂ ಆಗುತ್ತದೆ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2007ರಲ್ಲಿ ಜ್ವರದ ಮಕ್ಕಳಿಗಾಗಿ ಸಿಗ್ನಲ್ ದೀಪದ ಬಣ್ಣಗಳ ಕ್ರಮವೊಂದನ್ನು ಪ್ರಕಟಿಸಿತು. ಮೇಲೆ ಹೇಳಿದ ಗುರುತುಗಳನ್ನೇ ಹಸಿರು, ಹಳದಿ, ಕೆಂಪು ಎಂದು ವಿಂಗಡಿಸುವುದು ಅದರ ತಿರುಳು. ಕೆಂಪು ಗುರುತಿರುವ ಮಗು ಯಾವಾಗ ಬಂದರೂ ಮೊದಲು ಹೋಗುತ್ತದೆ. ನಿಮ್ಮ ಮಗುವನ್ನು ಕಾಯಿಸಿದರೆ ಆ ಹೊತ್ತಿಗೆ ಅದು ಕೆಂಪಿನಲ್ಲಿಲ್ಲ ಎಂದು ತಿಳಿಯಿರಿ. ಕಾಯುವಾಗ ಮಗು ಮಂಕಾದರೆ ಎದ್ದು ಬಂದು ಹೇಳಿ, ಯಾರೂ ಬೈಯುವುದಿಲ್ಲ.

ಒಳಗೆ ನಾಡಿ ನೋಡುತ್ತಾರೆ, ಬೆರಳಿಗೆ ಆಕ್ಸಿಮೀಟರ್ ಹಾಕುತ್ತಾರೆ. ಮಂಕಾಗಿರುವ ಅಥವಾ ಸೆಳವು ಬಂದ ಮಗುವಿಗೆ ಮೊದಲು ರಕ್ತದ ಸಕ್ಕರೆ ನೋಡುತ್ತಾರೆ. ಜ್ವರದ ಮೂಲ ಸಿಗದಿದ್ದರೆ ಮೂತ್ರ ಪರೀಕ್ಷೆ ಆಗಲೇಬೇಕು, ಏಕೆಂದರೆ ಚಿಕ್ಕ ಮಕ್ಕಳ ಮೂತ್ರದ ಸೋಂಕಿಗೆ ಬರೀ ಜ್ವರವೊಂದೇ ಲಕ್ಷಣವಾಗಿರಬಹುದು. ಅದಕ್ಕೇ ಚಿಕ್ಕ ಬಾಟಲಿ ಕೊಟ್ಟು ಕೂರಿಸುತ್ತೇವೆ. ಗಂಟೆ ಬಿಟ್ಟು ಮತ್ತೆ ನೋಡುವುದೂ ಪರೀಕ್ಷೆಯೇ.

ಔಷಧಿಯ ಲೆಕ್ಕ

ಪ್ಯಾರಾಸಿಟಮಾಲ್ ಒಂದು ಕಿಲೋ ತೂಕಕ್ಕೆ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. 10 ಕಿಲೋ ಮಗುವಿಗೆ 150 ಮಿಲಿಗ್ರಾಂ. 5 ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ ಇರುವ ಸಿರಪ್ಪಾದರೆ 3 ಮಿಲಿಲೀಟರ್. 5 ಮಿಲಿಲೀಟರಿನಲ್ಲಿ 120 ಇರುವುದಾದರೆ ಸುಮಾರು 6. ಡ್ರಾಪ್ಸ್‌ನಲ್ಲಿ ಒಂದೇ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ, ಅದು ಒಂದೂವರೆ ಸಾಕು. ಡ್ರಾಪ್ಸ್ ಬಾಟಲಿಯಿಂದ ಸಿರಪ್ಪಿನ ಮುಚ್ಚಳ ತುಂಬಿ 5 ಮಿಲಿಲೀಟರ್ ಕುಡಿಸಿದರೆ ಒಂದೇ ಗುಟುಕಿಗೆ 500 ಮಿಲಿಗ್ರಾಂ ಹೋಯಿತು! ಯಕೃತ್ತಿಗೆ ಪೆಟ್ಟು ಬೀಳುವುದು ಹೀಗೆ. ಅಡುಗೆಯ ಚಮಚದಲ್ಲಿ ಅಳೆಯಬೇಡಿ.

ಜ್ವರದ ಮಗುವಿಗೆ ಆಸ್ಪಿರಿನ್ ಬೇಡವೇ ಬೇಡ. ಡೆಂಗಿ ಅನುಮಾನವಿದ್ದರೆ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಕೂಡ ಬೇಡ, ರಕ್ತಸ್ರಾವ ಹೆಚ್ಚಬಹುದು. ಹಲವು ದಿನಕ್ಕೊಮ್ಮೆ ನಲ್ಲಿ ನೀರು ಬರುವ ನಮ್ಮ ಬಡಾವಣೆಗಳಲ್ಲಿ ಬ್ಯಾರಲ್ ತುಂಬಿಡುವುದು ಅನಿವಾರ್ಯ, ಡೆಂಗಿಯ ಸೊಳ್ಳೆ ಮೊಟ್ಟೆಯಿಡುವುದೂ ಮುಚ್ಚದ ಅದೇ ಬ್ಯಾರಲಿನಲ್ಲಿ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ್ದು. ಮೂರರಿಂದ ಏಳನೆಯ ದಿನದೊಳಗೆ ಮೈ ತಣ್ಣಗಾಗಿ, ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತಣ್ಣನೆಯ ಕೈಕಾಲು ಕಂಡರೆ “ಜ್ವರ ಬಿಟ್ಟಿತು” ಎಂದು ನಿರಾಳವಾಗಬೇಡಿ.

ಸೆಳವು ಬಂದರೆ

ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು ಯಾವುದನ್ನೂ ಹಾಕಬೇಡಿ. ಈರುಳ್ಳಿ ಮೂಸಿಸುವುದು, ಕೈಗೆ ಕೀಲಿಕೈ ಕೊಡುವುದರಿಂದ ಸೆಳವು ನಿಲ್ಲುವುದಿಲ್ಲ. ಐದು ನಿಮಿಷ ದಾಟಿದರೆ 108. ಬೇಗ ನಿಂತರೂ ಮೊದಲ ಸಲವಾದರೆ ತೋರಿಸಲೇಬೇಕು.

ಬರೆ ಹಾಕಿಸಿಕೊಂಡು ಬಂದ ಮಕ್ಕಳನ್ನು ಈಗಲೂ ನೋಡುತ್ತೇನೆ. ಹೊಟ್ಟೆಯ ಮೇಲಿನ ಆ ಗೆರೆಗಳನ್ನು ತೊಳೆಯುವಾಗ ನನ್ನ ಕೈ ನಡುಗುತ್ತದೆ. ಜ್ವರವಂತೂ ಇಳಿದಿರುವುದಿಲ್ಲ, ಸುಟ್ಟ ಗಾಯದ ಸೋಂಕು ಜೊತೆಗೆ ಸೇರಿರುತ್ತದೆ, ಎರಡು ದಿನ ವ್ಯರ್ಥವಾಗಿರುತ್ತದೆ. ದೃಷ್ಟಿ ತೆಗೆಯುವುದಿದ್ದರೆ ತೆಗೆಯಿರಿ, ಆಟೋ ಬರುವಷ್ಟರಲ್ಲಿ ಮುಗಿಸಿ. ಬೆಂಕಿ ಮಾತ್ರ ಮಗುವಿನ ಮೈ ಮುಟ್ಟಬಾರದು.

ಹೊರಡುವಾಗ ತಾಯಿ ಕಾರ್ಡ್, ಕುಡಿಸಿದ ಔಷಧಿಯ ಬಾಟಲಿ, ಕೊನೆಯ ಡೋಸ್ ಕೊಟ್ಟ ಸಮಯ ಬರೆದ ಚೀಟಿ ಚೀಲದಲ್ಲಿರಲಿ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಉಸಿರು ಕಷ್ಟವಾಗಿರುವ ಮಗುವನ್ನು ಅಷ್ಟು ದೂರ ಕಾರಿನಲ್ಲಿ ತರುವ ಬದಲು ಮೊದಲು ಅಲ್ಲಿನ ಜಿಲ್ಲಾ ಆಸ್ಪತ್ರೆಗೇ ಒಯ್ದು ಆಮ್ಲಜನಕ ಶುರು ಮಾಡಿಸಿ. ದಾರಿಯಲ್ಲಿ ಕೂಸು ಎಚ್ಚರವಿದ್ದು ಚೀಪುವಂತಿದ್ದರೆ ಎದೆಹಾಲು ಕೊಡುತ್ತಿರಿ, ಕೌದಿಯನ್ನು ಮಡಚಿ ಪಕ್ಕಕ್ಕಿಡಿ, ಎದೆ ಕಾಣುವಂತೆ ಹಿಡಿದುಕೊಳ್ಳಿ.