ರಬ್ಬರ್ ಹಾಲಿಗೆ ಕೆನೆ ಕಟ್ಟಿಸುವುದು ಹೇಗೆ?

ಮಳೆಗಾಲದಲ್ಲಿ ರಬ್ಬರ್ ಶೀಟ್ ಒಣಗಿಸುವ ಪಾಡನ್ನು ಸುಳ್ಯ, ಪುತ್ತೂರಿನ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಲನ್ನೇ ಮಾರೋಣವೆಂದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ರಬ್ಬರ್ ಇರುವುದು ಶೇ 30ರಿಂದ 40. ಕೈಗವಸು, ಬಲೂನು ಮಾಡುವವರು ಸಾಮಾನ್ಯವಾಗಿ ಕೇಳುವುದು ಶೇ 60.

ದೊಡ್ಡ ಕಾರ್ಖಾನೆಗಳಲ್ಲಿ ಸೆಂಟ್ರಿಫ್ಯೂಜ್ ಯಂತ್ರವಿದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಗಟ್ಟಿ ಹಾಲನ್ನೂ ತೆಳು ಹಾಲನ್ನೂ ಬೇರೆ ಮಾಡುತ್ತದೆ. ನೀರನ್ನು ಆವಿ ಮಾಡಿಯೂ ಗಟ್ಟಿ ಮಾಡಬಹುದು, ಆದರೆ ಆಗ ಹಾಲಿನ ಕೊಳೆಯೆಲ್ಲ ಅಲ್ಲೇ ಉಳಿಯುತ್ತದೆ. ಸಣ್ಣ ಬೆಳೆಗಾರರ ಗುಂಪಿಗೆ ಎಟುಕುವ ದಾರಿ ಕೆನೆ ಕಟ್ಟಿಸುವುದು. ಅದಕ್ಕೆ ಬೇಕಾದದ್ದು ಹುಣಸೆ ಬೀಜದ ಪುಡಿ!

ಹಾಲು ಅದೇ ದಿನದ್ದಾಗಿರಲಿ. ಸೋಸಿ, ಶೇ 1ರಷ್ಟು ಅಮೋನಿಯ ಸೇರಿಸಿ. ಇಲ್ಲವಾದರೆ ಹಾಲು ಹೆಪ್ಪುಗಟ್ಟಿ ಕೆಲಸವೇ ಕೆಡುತ್ತದೆ. ಅಮೋನಿಯದ ಘಾಟು ಕಣ್ಣು, ಗಂಟಲು ಸುಡುತ್ತದೆ. ಗಾಳಿಯಾಡುವ ಕಡೆ, ಕನ್ನಡಕ, ಗ್ಲೌಸ್ ಹಾಕಿಕೊಂಡೇ ಈ ಕೆಲಸ ಮಾಡಿ. ತಾಮ್ರ, ಹಿತ್ತಾಳೆ ಪಾತ್ರೆ ಬೇಡವೇ ಬೇಡ, ನಲ್ಲಿ ಕೂಡ. ತಾಮ್ರದ ಅಂಶ ರಬ್ಬರನ್ನು ಹಾಳು ಮಾಡುತ್ತದೆ. ಮುಚ್ಚಿಟ್ಟು, ತಳಕ್ಕೆ ಕೂತ ಗಸಿಯನ್ನು ಬಿಟ್ಟು ಮೇಲಿನ ಹಾಲು ತೆಗೆದುಕೊಳ್ಳಿ.

ಈಗ ಅಂಟು. 100 ಕಿಲೋ ಹಾಲಿಗೆ ಸುಮಾರು 300 ಗ್ರಾಂ ಪುಡಿ ಸಾಕು. ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ. ಒಟ್ಟು 10 ಲೀಟರ್ ನೀರಾಗುವಂತೆ ನೋಡಿಕೊಂಡು ಸುಮಾರು ಒಂದು ಗಂಟೆ ಕುದಿಸಿ. ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ಗಂಜಿಯಂತಾದ ಮೇಲೆ ಪೂರ್ತಿ ಆರಿಸಿ, ಬಟ್ಟೆಯಲ್ಲಿ ಸೋಸಿ ಹಾಲಿಗೆ ಸುರಿಯಿರಿ. ಸ್ವಲ್ಪ ಅಮೋನಿಯ ಸೋಪಿನ ದ್ರಾವಣ ಸೇರಿಸಿದರೆ ಕೆನೆ ಬೇಗ ಬೇರೆಯಾಗುತ್ತದೆ. ನಿಧಾನಕ್ಕೆ, ನೊರೆ ಬಾರದಂತೆ ಒಂದು ಗಂಟೆ ಕಲಸಿ.

ಆಮೇಲೆ ಮುಟ್ಟಬೇಡಿ. ಈ ಅಂಟಿನಿಂದ ರಬ್ಬರ್ ಕಣಗಳು ಗುಂಪಾಗಿ ಮೇಲೇಳುತ್ತವೆ, ನೀರಿಗಿಂತ ಹಗುರ ಅಲ್ವಾ. ಕಡಿಮೆಯೆಂದರೂ ಎರಡು ದಿನ ಬೇಕು. ಅವಸರಪಟ್ಟು ಸುಮ್ನೆ ಕದಡಿದರೆ ಮತ್ತೆ ಮೊದಲಿನಿಂದ ಕಾಯಬೇಕು.

ತಳದ ನಲ್ಲಿಯಿಂದ ಒಂದು ಗ್ಲಾಸು ಬಿಟ್ಟು ನೋಡಿ. ಬಂದದ್ದು ಹಾಲಿನಷ್ಟು ಬಿಳಿ ಇದ್ದರೆ ರಬ್ಬರ್ ಇನ್ನೂ ಕೆಳಗಿದೆ ಅಂತ ಅರ್ಥ, ಕಾಯಿರಿ. ತೆಳ್ಳಗೆ, ಮಬ್ಬಾಗಿದ್ದರೆ ಬಸಿದು ಬಿಡಬಹುದು. ತೋಡಿಗೆ ಮಾತ್ರ ಬಿಡಬೇಡಿ, ಅದರಲ್ಲಿ ಅಮೋನಿಯ ಇದೆ. ಉಳಿದ ಕೆನೆಯಲ್ಲಿ ಅಮೋನಿಯ ಶೇ 0.7ಕ್ಕೆ ಇಳಿದಿದ್ದರೆ ಮತ್ತೆ ಸೇರಿಸಿ, ಮುಚ್ಚಳ ಬಿಗಿ ಮಾಡಿ. ಮಾರುವ ಮೊದಲು ಲ್ಯಾಬಿನಲ್ಲಿ ಡಿಆರ್‌ಸಿ, ಅಂದರೆ ಅದರಲ್ಲಿ ಒಣ ರಬ್ಬರ್ ಶೇಕಡಾ ಎಷ್ಟಿದೆ ಅಂತ ನೋಡಿಸಿ. ಲ್ಯಾಟೆಕ್ಸಿಗೆ ದರ ಕಟ್ಟುವುದು ಒಣ ರಬ್ಬರಿನ ಮೇಲೆ, ಲೀಟರಿನ ಮೇಲಲ್ಲ.